ಮಗ್ಗುಲು ಬದಲಿಸದ ಹಾಡು

ಈ ಭಾನುವಾರ ಬೆಳಿಗ್ಗೆ ಅರಸೀಕೆರೆಯ ನಮ್ಮ ಮನೆಯಲ್ಲಿ ಹಾಡೊಂದು ಚರಣದ ನಡುವೆಯೇ ನಿಂತುಹೋಯಿತು. ಲ್ಯಾಪ್‌ಟಾಪಿನಿಂದ ಸ್ಟೀರಿಯೋಗೆ ಹೋಗುವ ವೈರು ಸಡಿಲವಾಗಿತ್ತು. ಅದು ಆ ವೈರಿನ ಹಳೆಯ ಚಾಳಿ. ಹೊಸದು ತರುತ್ತೇನೆ ಎಂದು ಹೇಳುತ್ತಲೇ ಇರುವುದು ನನ್ನ ಹಳೆಯ ಚಾಳಿ. ಸರಿಪಡಿಸಲು ಎದ್ದವಳಿಗೆ ಗಂಡಸಿ ಎಂಬ ಊರಿನಲ್ಲಿರುವ ದೊಡ್ಡಪ್ಪನ ಪಡಸಾಲೆ ನೆನಪಾಯಿತು. ವೈರು ಕೈಯಲ್ಲೇ ಉಳಿಯಿತು.

ನೀವು ನಮ್ಮ ದೊಡ್ಡಪ್ಪನ ಸ್ಟೀರಿಯೋ ನೋಡಬೇಕಿತ್ತು. ಮೊಣಕಾಲೆತ್ತರದ ಎರಡು ಮರದ ಸ್ಪೀಕರು, ಅವುಗಳ ತಲೆಗೆ ದೊಡ್ಡಮ್ಮ ಕಸೂತಿ ಹಾಕಿದ ಬಟ್ಟೆ. ಅರಸೀಕೆರೆಯಿಂದ ಬಸ್ಸಿನಲ್ಲಿ ತಂದ ದಿನ ಒಂದು ಸ್ಪೀಕರು ದೊಡ್ಡಪ್ಪನ ತೊಡೆಯ ಮೇಲೆ, ಇನ್ನೊಂದು ದೊಡ್ಡಮ್ಮನ ತೊಡೆಯ ಮೇಲೆ ಕೂತು ಬಂದವಂತೆ. ಹೆತ್ತ ಮಗಳನ್ನೂ ಇವರು ಅಷ್ಟು ಜೋಪಾನವಾಗಿ ಎತ್ತಿಕೊಂಡವರಲ್ಲ ಎಂದು ದೊಡ್ಡಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ದೊಡ್ಡಪ್ಪ ಕ್ಯಾಸೆಟ್ ಹಾಕಿದರೆಂದರೆ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿರಲಿಲ್ಲ.

"ಹಾಡೋರು ನಮ್ಮನೆಗೆ ಬಂದೋರು ಕಣೇ. ಬಂದೋರ ಮುಂದೆ ನಾವ್‌ನಾವೇ ಮಾತಾಡ್ಕಂಡು ಕೂತ್ರೆ ಏನಂದ್ಕತಾರೆ?" ಎನ್ನುತ್ತಿದ್ದರು.

ಈ ಕಟ್ಟಳೆಯ ಬಗ್ಗೆ ದೊಡ್ಡಮ್ಮನಿಗೆ ತಕರಾರಿರಲಿಲ್ಲ. ಏಕೆಂದರೆ ಕ್ಯಾಸೆಟ್ಟಿಗೆ ಎರಡು ಮಗ್ಗುಲು. ಒಂದು ಮಗ್ಗುಲು ಮುಗಿದು ಟಕ್ ಎಂದು ಗುಂಡಿ ಮೇಲೆದ್ದದ್ದೇ ತಡ, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದಳು. ದೊಡ್ಡಪ್ಪ ಕ್ಯಾಸೆಟ್ ಹೊರತೆಗೆದು, ಊದಿ, ಪಂಚೆಯ ತುದಿಯಲ್ಲಿ ಒರೆಸಿ, ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದರು. ಹಸು ಹಾಲು ಕಮ್ಮಿ ಮಾಡಿದ್ದು, ಮಗಳ ಸೀಮಂತಕ್ಕೆ ಯಾರನ್ನು ಕರೆಯುವುದು, ಕಾಯಿಯನ್ನು ಎಳನೀರಿಗೆ ಕೊಡುವುದೋ ಕೊಬ್ಬರಿಗೆ ಬಿಡುವುದೋ, ಎಲ್ಲ ತೀರ್ಮಾನವಾಗುತ್ತಿದ್ದುದು ಆಗಲೇ. ಮಾತು ಮುಗಿದ ಮೇಲೆ ಎರಡನೇ ಮಗ್ಗುಲು. ಇದನ್ನೆಲ್ಲ ನಾನು ಅರ್ಥಮಾಡಿಕೊಂಡದ್ದು ತೀರಾ ಈಚೆಗೆ. ಆಗ ನನ್ನ ಗಮನವೆಲ್ಲ ಆ ಬಿಡುವಿನಲ್ಲಿ ಬರುವ ಕಾಫಿಯ ಮೇಲಿತ್ತು.

ಹೋದ ವರ್ಷ ಕ್ಯಾಸೆಟ್ ತಿರುಗಿಸುವ ರಬ್ಬರ್ ಬೆಲ್ಟು ಜೋತುಬಿದ್ದು, ಎಂಥ ಗಾಯಕರೂ ತೂಕಡಿಸುತ್ತಾ ಹಾಡತೊಡಗಿದರು. ಅಂಥ ಬೆಲ್ಟು ಎಲ್ಲೂ ಸಿಗಲಿಲ್ಲ. ನಾನು ಯುಗಾದಿಗೆ ಮುಂಚೆ ನನ್ನ ಹಳೆಯ ಲ್ಯಾಪ್‌ಟಾಪಿಗೆ ಅವರ ಹಾಡುಗಳನ್ನೆಲ್ಲ ತುಂಬಿಕೊಂಡು, ಅದನ್ನು ಅವರಿಗೇ ಕೊಟ್ಟುಬಿಡಲೆಂದು ಗಂಡಸಿಗೆ ಹೋದೆ. ವೈರನ್ನು ಸ್ಟೀರಿಯೋದ ಬೆನ್ನಿಗೆ ಸಿಕ್ಕಿಸಿದರೆ ಒಂದೇ ಸ್ಪೀಕರು ಬಾಯಿ ಬಿಟ್ಟಿತು.

"ಇದೇನೇ, ಅರ್ಧ ಪದ ಹೇಳ್ತೈತಲ್ಲ" ಅಂದರು ದೊಡ್ಡಪ್ಪ.

ಇನ್ನಷ್ಟು ಒತ್ತಿದೆ. ಎರಡೂ ಹಾಡಿದವು. ಅವರ ಮುಖ ಅರಳಿತು. ತುಸು ಹೊತ್ತಾದ ಮೇಲೆ, "ಮಗ್ಗುಲು ತಿರುಗ್ಸೋದು ಯಾವಾಗ?" ಅಂದರು.

"ತಿರುಗಿಸೋದೇ ಬೇಡ ದೊಡ್ಡಪ್ಪ. ಬೆಳಗಿನ ತನಕ ಬೇಕಾದ್ರೂ ಹಾಡುತ್ತೆ" ಎಂದೆ, ನಾನೇ ಹಾಡುವವಳ ಹಾಗೆ ಬೀಗುತ್ತಾ.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಮತ್ತೆ ಹೋದಾಗ ಹಾಡು ನಡೆದಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ ಕೂತಿದ್ದರು. ದೊಡ್ಡಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಳು, ನಿಂತಳು, ಒಳಗೆ ಹೋದಳು. ಮತ್ತೆ ಬಂದಳು. ಒಂದು ಹಾಡು ಮುಗಿದು ಅವಳು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಮನೆಗೆ ಬಂದವರ ಮುಂದೆ ಮಾತಾಡಬಾರದಲ್ಲ, ಬಾಯಿ ಮುಚ್ಚಿಕೊಂಡಳು. ನಾನು ಎದ್ದೆ. ಹೋಗಿ ಹಾಡು ನಿಲ್ಲಿಸಿದೆ.

ದೊಡ್ಡಪ್ಪ ಕಣ್ಣು ತೆರೆದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಕೂತಳು.

"ಎಡಗಣ್ಣಲ್ಲಿ ಏನೂ ಸರಿಯಾಗಿ ಕಾಣಾಕಿಲ್ಲ. ಎಲ್ಲಾ ಮಂಜು ಮಂಜು" ಅಂದಳು.

"ಯಾವಾಗಿಂದ?" ಅಂದರು ದೊಡ್ಡಪ್ಪ.

"ಯುಗಾದಿ ಆದ್ಮೇಲಿಂದ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹಾಡು ನಿಲ್ಲಬೇಕಲ್ಲ" ಅಂದಳು. ಅವಳ ದನಿಯಲ್ಲಿ ದೂರು ಒಂದಿಷ್ಟೂ ಇರಲಿಲ್ಲ.

ದೊಡ್ಡಪ್ಪನ ಕೈ ತೊಡೆಯ ಮೇಲೆ ಏನನ್ನೋ ತಡಕಿತು. ಹಿಡಿದುಕೊಳ್ಳಲು ಕ್ಯಾಸೆಟ್ ಇರಲಿಲ್ಲ. "ನಾಳೆನೇ ಹಾಸನಕ್ಕೆ ಹೋಗನ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಡುನಡುವೆ ನಿಲ್ಲೋ ಹಂಗೆ ಮಾಡ್ಕೊಡವ್ವ ಇದನ್ನ" ಎಂದರು.

ನಾಲ್ಕೈದು ಹಾಡಿಗೊಮ್ಮೆ ತಾನಾಗಿ ನಿಲ್ಲುವಂತೆ ಮಾಡಿಕೊಟ್ಟೆ. ಮುಂದಿನದು ಬೇಕಾದರೆ ಎದ್ದು ಹೋಗಿ ಒತ್ತಬೇಕು. ದೊಡ್ಡಮ್ಮನ ಕಣ್ಣಿನ ಪೊರೆ ತೆಗೆಸಿದರು. ಈಗ ಸ್ಪೀಕರಿನ ಮೇಲಿನ ಧೂಳೆಲ್ಲ ಕಾಣುತ್ತದೆಂದು ದೊಡ್ಡಪ್ಪನಿಗೆ ದಿನವೂ ಬೈಗುಳ. ಅದನ್ನು ಫೋನಿನಲ್ಲಿ ನನಗೆ ಹೇಳುವಾಗ ಅವರಿಗೆ ಎಷ್ಟು ಖುಷಿಯೆಂದರೆ, ಹಾಡನ್ನೂ ಅಷ್ಟು ಖುಷಿಯಿಂದ ಹೊಗಳಿದ್ದನ್ನು ನಾನು ಕೇಳಿಲ್ಲ.

ಅವರ ಮನೆಯ ಹಾಡನ್ನು ತುಂಡು ಮಾಡಿ ಬಂದವಳು ನನ್ನ ಮನೆಯಲ್ಲಿ ಮಾತ್ರ ಬೆಳಗಿನಿಂದ ಒಂದೇ ಸಮನೆ ಹಾಡಿಸುತ್ತೇನೆ ನೋಡಿ. ವೈರು ಹಿಡಿದು ನಿಂತಿದ್ದಾಗ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಯಜಮಾನರು ಅಡಿಗೆಮನೆಯ ಬಾಗಿಲಿಗೆ ಬಂದರು.

"ನಿಂತೋಯ್ತಾ? ಮತ್ತೆ ಹಾಕ್ತೀಯಾ?"

"ಆಮೇಲೆ ಹಾಕ್ತೀನಿ. ಕೂತ್ಕೊಳ್ಳಿ."

ಅವರು ನನ್ನನ್ನೂ ನಾನು ಮೇಜಿನ ಮೇಲಿಟ್ಟ ವೈರನ್ನೂ ನೋಡಿದರು. ಟವೆಲಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತರು.

"ಒಂದು ವಿಷಯ ಇತ್ತು," ಎಂದರು, "ತುಂಬಾ ದಿನದಿಂದ ಹೇಳ್ಬೇಕು ಅಂತಿದ್ದೆ."