ಅಲುಗದ ಸೊನ್ನೆ

ಆಯುಧ ಪೂಜೆ ಹತ್ತಿರ ಬಂತೆಂದರೆ ಈಗ ನನ್ನ ಎದೆ ಡವಡವ ಎನ್ನುತ್ತದೆ. ಹೂವು, ಕುಂಕುಮ, ಕಡ್ಲೆಪುರಿ ಎಲ್ಲ ನನಗೂ ಇಷ್ಟವೇ. ಹೆದರಿಕೆಯೇನಿದ್ದರೂ ಪೂಜೆಗೆ ಮುಂಚೆ ನಡೆಯುವ ಒರೆಸಾಟದ್ದು.

ಗೌರಿಬಿದನೂರಿನ ಹೊರಗೆ, ಕುಡುಮಲಕುಂಟೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ತಮ್ಮ ಅಲ್ಲೇ ಕಂಪ್ರೆಸರ್ ಕೋಣೆಯಲ್ಲಿದ್ದಾನೆ. ಅಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ಅನಿಲ ಸೋರಿದರೆ ಗೋಡೆಯ ಮೇಲಿನ ಪೆಟ್ಟಿಗೆ ಅದನ್ನು ಅಳೆದು ನನ್ನ ಪರದೆಗೆ ಅಂಕಿ ಕಳಿಸಬೇಕು, ಇಲ್ಲಿ ಅಂಕಿ ಏರಿದರೆ ಮಾತ್ರ ಅಲ್ಲಿ ಸೈರನ್ ಕೂಗುತ್ತದೆ. ಕೇಬಲ್ಲುಗಳೆಲ್ಲ ಬಂದು ಸೇರುವುದು ಸ್ವಿಚ್ ಎಂಬ ಡಬ್ಬಿಗೆ. ಪ್ರತಿ ಯಂತ್ರಕ್ಕೂ ತಯಾರಾಗುವಾಗಲೇ ಒಂದು ಮ್ಯಾಕ್ ವಿಳಾಸ ಕೊಟ್ಟಿರುತ್ತಾರೆ. ಯಾವ ವಿಳಾಸ ಯಾವ ಪೋರ್ಟಿನಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಯಾವ ತೂತಿನಲ್ಲಿ, ಇದೆ ಎಂದು ಸ್ವಿಚ್ ತಾನೇ ಕಲಿತುಕೊಳ್ಳುತ್ತದೆ. ಯಾರೋ ಪುಣ್ಯಾತ್ಮರು ಕ್ರಿಕೆಟ್ ನೋಡಲು ಮನೆಯಿಂದ ವೈಫೈ ಡಬ್ಬಿ ತಂದು ಸಿಕ್ಕಿಸಿ ಇಡೀ ನೆಟ್‌ವರ್ಕನ್ನೇ ಮಲಗಿಸಿದ್ದರು. ಆಮೇಲೆ ಆ ಕಲಿಕೆಗೆ ನಾನು ಮೂಗುದಾರ ಹಾಕಿದೆ. ಒಂದು ಪೋರ್ಟಿಗೆ ಒಂದೇ ವಿಳಾಸ, ಬೇರೆಯದು ಬಂದರೆ ಪೋರ್ಟ್ ಬಂದ್.

ಆ ವರ್ಷ ಹಬ್ಬದ ದಿನ ಪೂಜೆ ಮುಗಿಸಿ ಎಲ್ಲರೂ ಮನೆಗೆ ಹೊರಟಿದ್ದರು. ಕಂಪ್ರೆಸರ್ ನಿಲ್ಲಿಸುವಂತಿಲ್ಲ, ಆದ್ದರಿಂದ ತಮ್ಮ ಒಬ್ಬನೇ ಒಳಗಿದ್ದ. ಪರದೆಯ ಮೇಲೆ ಹಸಿರು ಸೊನ್ನೆ. ನಾನು ಆರಾಮಾಗಿ ಪುರಿ ತಿನ್ನುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪುರಿ ಪಕ್ಕಕ್ಕಿಟ್ಟು ಪರದೆಯತ್ತ ಬಗ್ಗಿದೆ. ಆ ಅಂಕಿ ಎಂದೂ ತೆಪ್ಪಗಿರುವುದಲ್ಲ. ಸೊನ್ನೆ, ಒಂದು, ಮತ್ತೆ ಸೊನ್ನೆ ಎಂದು ಮಿಸುಕುತ್ತಲೇ ಇರುತ್ತದೆ. ಅವತ್ತು ಅಲುಗುತ್ತಲೇ ಇರಲಿಲ್ಲ.

ಎಲೆಕ್ಟ್ರಿಷಿಯನ್ ಒಬ್ಬರು ಇನ್ನೂ ಹೊರಟಿರಲಿಲ್ಲ. "ಅಣ್ಣ, ಸ್ವಿಚ್ ಏನಾದ್ರೂ ಮುಟ್ಟಿದ್ರಾ?" ಎಂದು ಕೇಳಿದೆ.

"ಧೂಳು ಹಿಡ್ದಿತ್ತು ಕಣಮ್ಮ. ವೈರೆಲ್ಲಾ ಬಿಚ್ಚಿ, ಒರೆಸಿ, ಬೊಟ್ಟಿಟ್ಟು ತಿರ್ಗಾ ಸಿಗ್ಸಿದೀನಿ. ಒಂದೂ ಬಿಟ್ಟಿಲ್ಲ."

ಒಂದನ್ನೂ ಬಿಟ್ಟಿರಲಿಲ್ಲ, ನಿಜ. ಆದರೆ ಪ್ರಿಂಟರಿನ ಪೋರ್ಟಿಗೆ ಅಮೋನಿಯಾ ಪೆಟ್ಟಿಗೆಯ ಕೇಬಲ್ ಹೋಗಿತ್ತು. ಗುರುತಿಲ್ಲದ ವಿಳಾಸ ಕಂಡ ಸ್ವಿಚ್, ನಾನು ಹೇಳಿಕೊಟ್ಟಂತೆಯೇ, ಪೋರ್ಟ್ ಮುಚ್ಚಿಬಿಟ್ಟಿತ್ತು. ನಾನು ನೋಡುತ್ತಿದ್ದದ್ದು ಕೇಬಲ್ ಬಿಚ್ಚುವುದಕ್ಕೆ ಮುಂಚಿನ ಸೊನ್ನೆ.

ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. "ಓಡಣ್ಣ, ಅವನ್ನ ಆಚೆ ಕರ್ಕೊಂಡ್ ಬಾ" ಎಂದು ಎಲೆಕ್ಟ್ರಿಷಿಯನ್ನರನ್ನು ಅಟ್ಟಿದೆ. ಆತುರಕ್ಕೆ ಪಾಸ್‌ವರ್ಡ್ ತಪ್ಪಾಯಿತು, ಮತ್ತೆ ತಪ್ಪಾಯಿತು. ಅಂತೂ ಪ್ರಿಂಟರಿನ ಹಳೆಯ ವಿಳಾಸ ಅಳಿಸಿ ಪೋರ್ಟ್ ತೆರೆದೆ. ಸ್ವಿಚ್ ಹೊಸದನ್ನು ಕಲಿಯಿತು. ಸೊನ್ನೆ ಹೋಗಿ ನಲವತ್ತು ಬಂತು, ಐವತ್ತು ದಾಟಿತು, ಸೈರನ್ ಅರಚಿಕೊಂಡಿತು. ಅಳುತ್ತಲೇ ಓಡಿದೆ.

ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತಾ, ಎಲೆಕ್ಟ್ರಿಷಿಯನ್ನರ ಹೆಗಲು ಹಿಡಿದು ತಮ್ಮ ಹೊರಗೆ ಬಂದ. ಕಣ್ಣು ಕೆಂಪಗೆ ಊದಿತ್ತು. ನಲ್ಲಿಯ ಕೆಳಗೆ ಮುಖ ಹಿಡಿಸಿದೆ. ಅವನಿಗೆ ಉಸಿರು ತಿರುಗಿದ್ದೇ ತಡ, ನನಗೆ ರೇಗಿಹೋಯಿತು.

"ವಾಸ್ನೆ ಬಂದ್ರೂ ಒಳಗೇ ಕೂತಿದ್ದೀಯಲ್ಲೋ, ಬುದ್ಧಿ ಬೇಡ್ವಾ?"

"ಬಂತು ಕಣಕ್ಕ, ಕಣ್ಣೂ ಉರೀತು" ಎಂದ. "ಸೈರನ್ ಹೊಡೀಲಿಲ್ವಲ್ಲ. ಅಕ್ಕ ನೋಡ್ತಾ ಇದಾಳೆ, ಏನೂ ಇರಲ್ಲ ಅಂದ್ಕೊಂಡೆ."