ಜೀರಿಗೆ ಡಬ್ಬದ ಹಿಂದಿನ ಗುಳಿಗೆ

ಇವತ್ತು ಬೆಳಿಗ್ಗೆ ಒಗ್ಗರಣೆಗೆಂದು ಜೀರಿಗೆ ಡಬ್ಬ ಎಳೆದರೆ, ಹಿಂದಿನಿಂದ ಗುಳಿಗೆಯ ಪಟ್ಟಿಯೊಂದು ಚರಪರ ಎನ್ನುತ್ತ ಜಾರಿ ಬಿತ್ತು. ನನ್ನದೇ ನಿದ್ದೆ ಗುಳಿಗೆ. ಹತ್ತು ವರ್ಷದ ಹಿಂದೆ ಡಾಕ್ಟರು ಹದಿನೈದು ದಿನಕ್ಕೆಂದು ಬರೆದದ್ದು, ಇನ್ನೂ ನಡೆದಿದೆ. ಔಷಧಿ ಅಂಗಡಿಯವ ಚೀಟಿ ಕೇಳುವುದಿಲ್ಲ. ಮೇಡಂ ಅಲ್ಲವೇ ನಾನು! ಎಣ್ಣೆ ಕಾದು ಹೊಗೆಯಾಡಿತು. ಪಾತ್ರೆ ತಿಕ್ಕುವವಳ ಮಗಳು ನರ್ಸಮ್ಮ ನೆನಪಾದಳು (ನರ್ಸ್ ಅಲ್ಲ, ಹುಡುಗಿಯ ಹೆಸರೇ ಅದು).

ಆಗ ನಾವು ತಾಂಡೂರಿನಲ್ಲಿದ್ದೆವು. ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಧೂಳು ನಮ್ಮ ತುಳಸಿಯ ಮೇಲೂ ಕೂರುತ್ತಿತ್ತು. ಶೆಡ್ಡುಗಳ ಹಿಂದಿನ ಗಲ್ಲಿಯಿಂದ ಬಾಲಮ್ಮ ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದಳು. ಮಗಳು ನರ್ಸಮ್ಮನಿಗೆ ಹತ್ತೊಂಬತ್ತು. ಶೆಡ್ಡಿನಲ್ಲಿ ಹಾಸುಗಲ್ಲು ಹೊತ್ತು, ಸಂಜೆ ಸೇಂದಿ ಕುಡಿಯುತ್ತಿದ್ದಳು. ಸೇಂದಿ ಎಂದರೆ ಈಚಲ ಮರದ ಹೆಂಡ ಎಂದುಕೊಳ್ಳಬೇಡಿ. ಆ ಗಲ್ಲಿಯ ಅಂಗಡಿಯಲ್ಲಿ ಮತ್ತು ಬರಿಸುತ್ತಿದ್ದುದು ಅದರಲ್ಲಿ ಕಲಸಿದ ನಿದ್ದೆ ಪುಡಿ. ಇಡೀ ಊರಿಗೆ ಗೊತ್ತಿತ್ತು. ಅಂಗಡಿಯವನಿಗೆ ಎಲ್ಲರೂ ನಮಸ್ಕಾರ ಹೇಳುತ್ತಿದ್ದರು, ಕೆಟ್ಟ ಹೆಸರಿಟ್ಟದ್ದು ಕುಡಿದವಳಿಗೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ನೀತಿಪಾಠದಲ್ಲಿ ಪ್ರತಿ ವರ್ಷ ಮೊದಲ ಬಹುಮಾನ. ಅಂಥವಳ ಬಾಯಿ ಸುಮ್ಮನಿದ್ದೀತೇ? ಒಂದು ದಿನ ಆ ಹುಡುಗಿಯನ್ನು ಹಿತ್ತಲಲ್ಲಿ ಕೂರಿಸಿ, ಚಹಾ ಕೊಟ್ಟು (ಅವರಿಗೆಂದೇ ಬೇರೆ ಇಟ್ಟ ಕಪ್ಪಿನಲ್ಲಿ, ಅದನ್ನೂ ಹೇಳಿಬಿಡುತ್ತೇನೆ) ಕೇಳಿದೆ: "ಯಾಕ ಕುಡೀತಿ?"

"ಕಲ್ಲು ಹೊತ್ತು ರಟ್ಟಿ ಬಿದ್ದು ಹೋಗ್ತಾವ್ರಿ ಅಕ್ಕಾರ. ಕಣ್ಣು ಮುಚ್ಚಿದ್ರ ಮೇಸ್ತ್ರಿ ಬೈದದ್ದೇ ಕಿವ್ಯಾಗ ತಿರಗತದ. ಕುಡದ್ರ ಸುಮ್ಕಾಗತದ."

ಬಾಲಮ್ಮ ಬೋಗುಣಿಯಿಂದ ತಲೆ ಎತ್ತಲಿಲ್ಲ. "ಸಣ್ಣಾಕಿದ್ದಾಗ ನಾನೇ ಕುಡಿಸೀನ್ರಿ. ಕಲ್ಲಿನ ಖಣಿಗಿ ದುಡ್ಯಾಕ ಹೋಗಬೇಕಂದ್ರ ಕೂಸು ಮಲಗಬೇಕಲ್ರಿ. ಎಲ್ಲಾರೂ ಹಂಗೇ ಮಾಡ್ತಿದ್ರು."

ನರ್ಸಮ್ಮ ನಕ್ಕಳು. "ನಿಮ್ಮ ಜೀರಗಿ ಡಬ್ಬಿ ಹಿಂದ ಗುಳಿಗಿ ಅದಾವಂತಲ್ರಿ, ನಮ್ಮವ್ವ ನೋಡ್ಯಾಳ. ನೀವು ತಗೊಂಡ್ರ ದವಾ, ನಾವು ತಗೊಂಡ್ರ ನಶಾ. ಹೌದಲ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ನಾಳಿಯಿಂದ ಒಂದು ಹನೀನೂ ಮುಟ್ಟಬ್ಯಾಡ" ಎಂದು ನಮ್ಮ ದೇವರ ಆಣೆ ಹಾಕಿಸಿದೆ.

ಹುಡುಗಿ ಮಾತು ಉಳಿಸಿಕೊಂಡಳು. ಮೂರನೆಯ ದಿನ ಶೆಡ್ಡಿನಲ್ಲೇ ಕೈಕಾಲು ಸೆಟೆದು ಬಿದ್ದಳು. ಸುದ್ದಿ ಕೇಳಿ ಬಾಲಮ್ಮನ ಜೊತೆ ನಾನೂ ಓಡಿದೆ. ದವಾಖಾನೆಯ ಕಿಟಕಿಯಲ್ಲಿ ಚೀಟಿ ಬರೆಯುವವನು, "ಸೇಂದಿ ಕೇಸೇನು? ದಿನಾ ಇದೇ ಆತು ನಿಮ್ದು. ಆ ಕಡಿ ಕೂಡ್ಸು" ಎಂದು ಬಾಲಮ್ಮನನ್ನು ಗದರಿದ. ಸೆಟೆದ ದೇಹವನ್ನು ಹೇಗೆ ಕೂಡಿಸುವುದು? ನಾನು ಇಂಗ್ಲಿಷಿನಲ್ಲಿ ಕೂಗಾಡಿದ ಮೇಲೆ ಸ್ಟ್ರೆಚರ್ ಬಂತು. ಹುಡುಗಿಯ ಜೀವಕ್ಕೆ ಬಾರದ್ದು ನನ್ನ ಇಂಗ್ಲಿಷಿಗೆ ಬಂತು! ನೆನೆದರೆ ಇಂದಿಗೂ ಮೈ ಉರಿಯುತ್ತದೆ.

"ಒಮ್ಮಿಗೇ ಯಾರ್ರಿ ಬಿಡಿಸಿದವ್ರು?" ಎಂದರು ಡಾಕ್ಟರಮ್ಮ. "ಇದನ್ನ ಸ್ವಲ್ಪ ಸ್ವಲ್ಪ, ನಮ್ಮ ಕಣ್ಣಮುಂದ ಬಿಡಿಸಬೇಕ್ರಿ. ಜೀವಾ ಹೋಗ್ತಿತ್ತು."

ಬಾಲಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ನರ್ಸಮ್ಮ ಬದುಕಿದಳು. ಶೆಡ್ಡಿನವರು ಅವಳನ್ನು ಕೆಲಸದಿಂದ ತೆಗೆದರು. ಸೇಂದಿ ಅಂಗಡಿ ಮರುದಿನವೂ ತೆರೆಯಿತು. ನಾವು ವರ್ಗವಾಗಿ ಜಹೀರಾಬಾದಿಗೆ ಬಂದೆವು, ಗುಳಿಗೆಯ ಸಮೇತ.

ಇವತ್ತು ಒಲೆ ಆರಿಸಿ, ಪಟ್ಟಿಯನ್ನು ಪರ್ಸಿಗೆ ಹಾಕಿಕೊಂಡು, ಆಟೋ ಹಿಡಿದು ಇಲ್ಲಿಯ ದವಾಖಾನೆಗೆ ಹೋದೆ. ಕಿಟಕಿಯ ಮುಂದೆ ದೊಡ್ಡ ಸಾಲು. ಚೀಟಿ ಬರೆಯುವವನು ನನ್ನನ್ನು ಕಂಡದ್ದೇ ಸಾಲು ಬಿಡಿಸಿ ಮುಂದಕ್ಕೆ ಕರೆದ.

"ಏನ್ ತಕಲೀಫ್ರಿ ಮೇಡಂ?"

"ನಶಾ. ಬಿಡಬೇಕಾಗ್ಯಾದ" ಎಂದು ಪಟ್ಟಿ ತೋರಿಸಿದೆ.

ಅವನು ನಕ್ಕ. "ಏ, ಚಾಷ್ಟಿ ಮಾಡಬ್ಯಾಡ್ರಿ. ನಿದ್ದಿ ಬರಲ್ಲ ಅಂತ ಬರೀತೀನಿ. ಕೂಡ್ರಿ, ಕೂಡ್ರಿ." ಒಳಗಿನಿಂದ ಕುರ್ಚಿ ತರಿಸಿ ಫ್ಯಾನಿನ ಕೆಳಗೆ ಹಾಕಿಸಿದ.

"ನಶಾ ಅಂತೇ ಬರೀರಿ" ಎಂದೆ. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.