ಇಟ್ಟಿಗಿಯಲ್ಲಿಟ್ಟ ಎರಡನೇ ಪ್ರತಿ

ನನ್ನ ಫೋನು ನೀರಿನ ಡ್ರಮ್ಮಿಗೆ ಬಿದ್ದು ಕೆಟ್ಟಾಗ ಮಗಳ ಎಷ್ಟೋ ಫೋಟೋಗಳು ಅದರ ಜೊತೆಗೇ ಹೋದವು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಅವಳ ಫೋನಿನಲ್ಲಿ ಉಳಿದದ್ದನ್ನಾದರೂ ಕಾಪಾಡೋಣವೆಂದು ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು, ಎರಡು ಹಾರ್ಡ್ ಡಿಸ್ಕ್ ತಗೊಂಡು ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಊರಲ್ಲಿ ಇಡಿ, ಇಲ್ಲವೇ ಇಂಟರ್‌ನೆಟ್ ಮೂಲಕ ಯಾವುದಾದರೂ ಕಂಪನಿಯ ಕಂಪ್ಯೂಟರಿನಲ್ಲಿ ಇಡಿ ಎಂದರು.

ಕಂಪನಿಯ ಮಾತನ್ನು ನಮ್ಮ ಜೊತೆಗಿರುವ ಅವ್ವ ಅಲ್ಲಿಗೇ ಮುಗಿಸಿದಳು. "ಗುರ್ತಿಲ್ಲದೋರ ಮನ್ಯಾಗ ನನ್ನ ಮಾರಿ ಇರೋ ಫೋಟೋ ಯಾಕ ಇಡ್ತಿ? ಇಟ್ಟಿಗ್ಯಾಗ ನಿಮ್ಮಣ್ಣನ ಮನಿ ಐತಲ್ಲ."

ಹಾಗೆ ಹೆಂಡತಿಯ ಫೋನಿನಲ್ಲಿದ್ದದ್ದೆಲ್ಲ ಎರಡು ಡಿಸ್ಕಿಗೂ ಇಳಿದು, ಎರಡನೇ ಡಿಸ್ಕು ಅಣ್ಣನ ಊರಾದ ಇಟ್ಟಿಗಿಗೆ ಹೋಯಿತು. ಅತ್ತಿಗೆ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅದರಲ್ಲಿ ಏನೇನಿದೆಯೆಂದು ನಾನು ನೋಡುವ ಗೋಜಿಗೆ ಹೋಗಿರಲಿಲ್ಲ.

ಕೆಲವು ದಿನಗಳ ನಂತರ ಅತ್ತಿಗೆಯ ಫೋನು ಬಂತು. ಕೂಸಿನ ಆಟ ನೋಡೋಣವೆಂದು ಡಿಸ್ಕನ್ನು ಟಿವಿಗೆ ಚುಚ್ಚಿದ್ದರಂತೆ. ಪಕ್ಕದ ಮನೆಯವರೂ ಬಂದು ಕೂತಿದ್ದರಂತೆ. ಟಿವಿಯಲ್ಲಿ ಅವ್ವ ಮಗಳಿಗೆ ಉಣಿಸುತ್ತ, ಇಟ್ಟಿಗಿಯ ನಿನ್ನ ದೊಡ್ಡವ್ವ ಮಾಡುವ ಹೋಳಿಗೆ ಮುರಿಯಲು ಕೊಡಲಿ ಬೇಕು ಎಂದು ವಿವರವಾಗಿ ಹೇಳುತ್ತಿದ್ದಳಂತೆ. ಅಣ್ಣ ನಕ್ಕುಬಿಟ್ಟದ್ದು ಇನ್ನೂ ದೊಡ್ಡ ತಪ್ಪಾಯಿತಂತೆ.

"ಅತ್ತಿ ಮನ್ಯಾಗ ಅದಾರೇನಪ್ಪ?" ಎಂದರು ಅತ್ತಿಗೆ. "ನಾಳಿ ಬರ್ತೀನಿ ಅಂತ ಹೇಳು."

ವಿಷಯ ಕೇಳಿದ ಅವ್ವ ಮರುದಿನ ಬೆಳಿಗ್ಗೆಯಿಂದಲೇ ಹಲ್ಲುನೋವೆಂದು ಮುಸುಕು ಹಾಕಿ ಮಲಗಿದಳು. ಅತ್ತಿಗೆ ಡಬ್ಬಿ ತುಂಬ ಹೋಳಿಗೆ ತಂದಿದ್ದರು. ಹಲ್ಲುನೋವಿನ ಸುದ್ದಿ ಕೇಳಿ ಹೋಳಿಗೆಯನ್ನು ಹಾಲು ತುಪ್ಪದಲ್ಲಿ ಕಲಸಿ ಮಂಚದ ಮೇಲೆ ಕೂತು ತುತ್ತು ಕೊಟ್ಟರು. ಅವ್ವ ತಪ್ಪಿಸಿಕೊಳ್ಳಲಾಗದೆ ಬಾಯಿ ತೆರೆದಳು. ಒಂದು ಮುಗಿಯಿತು, ಇನ್ನೊಂದೂ ಮುಗಿಯಿತು.

ಕೊನೆಗೆ ಅವ್ವ, "ತುಪ್ಪ ಚೊಲೋ ಐತಿ" ಎಂದಳು. ಹೋಳಿಗೆಯ ಬಗ್ಗೆ ಏನೂ ಹೇಳಲಿಲ್ಲ. ಮೊದಲು ನಕ್ಕವರು ಅತ್ತಿಗೆ. ಆಮೇಲೆ ಅವ್ವನೂ ಮುಸುಕು ತೆಗೆದು ನಗತೊಡಗಿದಳು.

ಮಳೆಗಾಲದಲ್ಲಿ ನಮ್ಮ ಮನೆಯ ಡಿಸ್ಕು ಕೈಕೊಟ್ಟಿತು. ನಾನೂ ಹೆಂಡತಿಯೂ ಗಾಬರಿಯಿಂದ ಇಟ್ಟಿಗಿಗೆ ಓಡಿದೆವು. ಅತ್ತಿಗೆಯ ಟ್ರಂಕಿನಲ್ಲಿ ಎಲ್ಲವೂ ಸುರಕ್ಷಿತವಾಗಿತ್ತು. ಅವ್ವನ ಆ ಒಂದು ವಿಡಿಯೋ ಅಳಿಸಿಬಿಡುತ್ತೇನೆ ಎಂದೆ ಸಂಕೋಚದಿಂದ. ಅತ್ತಿಗೆ ಒಪ್ಪಲಿಲ್ಲ. "ಬ್ಯಾಡ. ನಾಳಿ ಅತ್ತಿ 'ನಾನು ಅಂದೇ ಇಲ್ಲ' ಅಂದ್ರ ಏನ್ಮಾಡ್ಲಿ?"

ಹೊಸ ಡಿಸ್ಕಿಗೆ ಎಲ್ಲ ಇಳಿಸುವಷ್ಟರಲ್ಲಿ ಸಂಜೆಯಾಯಿತು. ಹೆಂಡತಿ, ಅತ್ತಿಗೆ ಇಬ್ಬರೂ ಮಗಳು ತಪ್ಪುಹೆಜ್ಜೆ ಇಡುವ ವಿಡಿಯೋ ಹಾಕಿಕೊಂಡು ಕೂತಿದ್ದರು. ನಾವು ಹತ್ತಬೇಕಿದ್ದ ಹರಪನಹಳ್ಳಿ ಬಸ್ಸು ಹೋದದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ.